ಕೈ ಬಿಗಿಯಾದಾಗ ಗೃಹಸ್ಥನು ಬಿಡಬೇಕಾದುದು, ಬಿಡಬಾರದುದು

ಆದಾಯ ಕುಗ್ಗಿದ ಕಾಲದಲ್ಲಿ ಸಂಸಾರಿಯಾದವನು ಯಾವ ವೆಚ್ಚವನ್ನು ಮೊದಲು ನಿಲ್ಲಿಸಬೇಕು ಎಂಬುದನ್ನು ಸಾಮಾನ್ಯವಾಗಿ ಜಮಾ-ಖರ್ಚಿನ ಪ್ರಶ್ನೆಯೆಂದೇ ಎಣಿಸಲಾಗುತ್ತದೆ. ಆದರೆ ಗೃಹಸ್ಥಾಶ್ರಮವನ್ನು ಕುರಿತು ವಿಸ್ತಾರವಾಗಿ ಚರ್ಚಿಸುವ ಧರ್ಮಸೂತ್ರಗಳು, ಸ್ಮೃತಿಗಳು ಮತ್ತು ಜೈನ ಗೃಹಸ್ಥರ ನಡತೆಯನ್ನು ವಿವರಿಸುವ ಶ್ರಾವಕಾಚಾರ ಗ್ರಂಥಗಳು ಇದನ್ನು ಧರ್ಮದ ಪ್ರಶ್ನೆಯಾಗಿಯೇ ಎತ್ತಿಕೊಂಡಿವೆ. ಒಂದು ಬಾಬನ್ನು ಅನಗತ್ಯವೆಂದು ಹೊಡೆದುಹಾಕಿದಾಗ ಅದು ಯಾರಿಗೆ ಅನಗತ್ಯವಾಗಿತ್ತು, ಅದರಿಂದ ಉಂಟಾದ ಕೊರತೆಯನ್ನು ಮನೆಯಲ್ಲಿ ಯಾರು ಅನುಭವಿಸುತ್ತಾರೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲವಾದ್ದರಿಂದ, ಈ ಪ್ರಶ್ನೆಯನ್ನು ಶಾಸ್ತ್ರಕಾರರು ಎತ್ತಿಕೊಂಡದ್ದು ಸಹಜವೇ ಆಗಿದೆ.

ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಬ್ರಾಹ್ಮಣ ಗೃಹಸ್ಥನ ಧಾನ್ಯಸಂಗ್ರಹವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಕಣಜ ತುಂಬುವಷ್ಟು ಕೂಡಿಟ್ಟವನು ಕುಸೂಲಧಾನ್ಯಕ, ಗಡಿಗೆ ತುಂಬುವಷ್ಟು ಉಳ್ಳವನು ಕುಂಭೀಧಾನ್ಯಕ, ಮೂರು ದಿನಕ್ಕೆ ಸಾಲುವಷ್ಟು ಉಳ್ಳವನು ತ್ರ್ಯಹೈಹಿಕ, ನಾಳೆಗೆಂದು ಏನನ್ನೂ ಉಳಿಸದವನು ಅಶ್ವಸ್ತನಿಕ. ಇವರಲ್ಲಿ ಮುಂದುಮುಂದಿನವನೇ ಹೆಚ್ಚು ಶ್ರೇಷ್ಠನೆಂದು ಸ್ಮೃತಿಯ ನಿರ್ಣಯ. ತಾನಾಗಿ ಒಪ್ಪಿಕೊಂಡ ಬಡತನಕ್ಕೆ ಈ ಪ್ರಶಂಸೆ ಸಲ್ಲುತ್ತದೆಯೇ ಹೊರತು, ಮಳೆ ಕೈಕೊಟ್ಟು ಅಥವಾ ಕೆಲಸ ಹೋಗಿ ಬಂದೊದಗಿದ ಬಡತನಕ್ಕೆ ಅದನ್ನು ಅನ್ವಯಿಸುವುದು ಸರಿಯಲ್ಲ. ಹಸಿದವನ ಮುಂದೆ ಅಪರಿಗ್ರಹವನ್ನು, ಅಂದರೆ ಏನನ್ನೂ ಕೂಡಿಡದಿರುವುದನ್ನು, ಹೊಗಳುವುದು ಕ್ರೌರ್ಯವೇ ಆಗುತ್ತದೆ. ಆದಕಾರಣ ಬಲವಂತದ ಕೊರತೆಯ ಕಾಲದಲ್ಲಿ ಅನುಸರಿಸಬೇಕಾದ ಕ್ರಮವನ್ನು ಬೇರೆ ಕಡೆಯಲ್ಲಿ ಹುಡುಕಬೇಕಾಗುತ್ತದೆ.

ಆ ಕ್ರಮವು ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು, ಹಲವರು ನಿರೀಕ್ಷಿಸುವುದಕ್ಕೆ ವಿರುದ್ಧವಾಗಿ, ಧಾರ್ಮಿಕ ಕರ್ಮಗಳ ವೆಚ್ಚವನ್ನು ಕುರಿತ ವಿಧಿಗಳಲ್ಲಿಯೇ. ಶಾಸ್ತ್ರವು ಪ್ರತಿಯೊಂದು ಕರ್ಮಕ್ಕೂ ಮುಖ್ಯಕಲ್ಪ ಮತ್ತು ಅನುಕಲ್ಪ ಎಂಬ ಎರಡು ಮಾರ್ಗಗಳನ್ನು ಅಂಗೀಕರಿಸುತ್ತದೆ. ಮುಖ್ಯಕಲ್ಪವೆಂದರೆ ಎಲ್ಲ ದ್ರವ್ಯಗಳೊಡನೆ ನಡೆಸುವ ಪೂರ್ಣ ವಿಧಾನ, ಅನುಕಲ್ಪವೆಂದರೆ ಅಶಕ್ತನಾದವನಿಗೆ ಹೇಳಿದ ಬದಲಿ ವಿಧಾನ. ಮನೆಯ ಪೂಜೆಯಲ್ಲಿ ವಸ್ತ್ರವನ್ನು ಸಮರ್ಪಿಸಬೇಕಾದ ಘಟ್ಟದಲ್ಲಿ ವಸ್ತ್ರವಿಲ್ಲದಿದ್ದರೆ, ಆಭರಣದ ಘಟ್ಟದಲ್ಲಿ ಆಭರಣವಿಲ್ಲದಿದ್ದರೆ, ಅದರ ಸ್ಥಾನದಲ್ಲಿ ನಾಲ್ಕು ಕಾಳು ಅಕ್ಷತೆಯನ್ನು ಹಾಕಿ ಮುಂದಿನ ಉಪಚಾರಕ್ಕೆ ಹೋಗುವುದು ಇಂದಿಗೂ ನಡೆದುಬಂದಿರುವ ಪದ್ಧತಿಯಾಗಿದ್ದು, ಒಂದು ಬಟ್ಟಲು ಅಕ್ಕಿ, ಒಂದು ಚಿಟಿಕೆ ಅರಿಶಿನ ಅಥವಾ ಕುಂಕುಮ ಇದ್ದರೆ ಹದಿನಾರು ಉಪಚಾರಗಳೂ ಸಾಂಗವಾಗುತ್ತವೆ. ಶ್ರಾದ್ಧದಂತಹ ತಪ್ಪಿಸಬಾರದ ಕರ್ಮದ ವಿಷಯದಲ್ಲಿಯೂ ವಿಷ್ಣುಪುರಾಣದ ಮೂರನೆಯ ಅಂಶವು ಮೆಟ್ಟಿಲು ಮೆಟ್ಟಿಲಾಗಿ ಇಳಿದುಬರುತ್ತದೆ: ಧನವುಳ್ಳವನು ದಾನಗಳನ್ನು ಮಾಡಲಿ, ಇಲ್ಲದವನು ಶಕ್ತಿಯಿದ್ದಷ್ಟು ಅನ್ನವನ್ನು ಬಡಿಸಲಿ, ಅದೂ ಆಗದಿದ್ದರೆ ಹಿಡಿ ಎಳ್ಳನ್ನು ಕೊಡಲಿ, ಗೋವಿಗೆ ಒಂದು ದಿನದ ಹುಲ್ಲನ್ನು ಹಾಕಲಿ, ಏನೂ ಇಲ್ಲದವನು ಕಾಡಿಗೆ ಹೋಗಿ ತೋಳುಗಳನ್ನು ಮೇಲೆತ್ತಿ ತನ್ನ ಬಳಿ ಭಕ್ತಿಯ ಹೊರತು ಬೇರೇನೂ ಇಲ್ಲವೆಂದು ಪಿತೃಗಳಿಗೆ ನಿವೇದಿಸಿಕೊಳ್ಳಲಿ. ಅದರಿಂದಲೂ ಪಿತೃಗಳು ತೃಪ್ತರಾಗುತ್ತಾರೆ.

ಈ ಸಡಿಲಿಕೆಗೆ ಒಂದು ಎಲ್ಲೆಯೂ ಇದೆ. ಶಕ್ತಿಯಿದ್ದೂ ಜಿಪುಣತನದಿಂದ ಅನುಕಲ್ಪಕ್ಕೆ ಇಳಿಯುವುದನ್ನು ವ್ರತಗ್ರಂಥಗಳು ವಿತ್ತಶಾಠ್ಯ, ಅಂದರೆ ಹಣದ ವಿಷಯದಲ್ಲಿ ಮಾಡುವ ವಂಚನೆ, ಎಂದು ಕರೆದು ನಿಷೇಧಿಸುತ್ತವೆ. ಅಂಥವನಿಗೆ ಪರಲೋಕದ ಫಲವಿಲ್ಲವೆಂದು ಮನುವೂ ಹೇಳುತ್ತಾನೆ. ಹೀಗೆ ಉಳ್ಳವನು ಇಲ್ಲದವನಂತೆ ನಟಿಸುವುದನ್ನು ಖಂಡಿಸುವ ಸಂಪ್ರದಾಯವು ಇಲ್ಲದವನು ಉಳ್ಳವನಂತೆ ತೋರಿಸಿಕೊಳ್ಳಬೇಕೆಂದು ಎಲ್ಲಿಯೂ ಕೇಳಿಲ್ಲ. ಹೀಗಿದ್ದೂ ಇಂದಿನ ಮನೆಗಳಲ್ಲಿ ಒಡವೆಯನ್ನು ಅಡವಿಟ್ಟು ಗೃಹಪ್ರವೇಶವನ್ನು, ಬಡ್ಡಿಗೆ ಸಾಲ ತಂದು ಛತ್ರದ ಮದುವೆಯನ್ನು ನಡೆಸುವುದು ಸಾಮಾನ್ಯವಾಗಿದೆ. ಈ ವೆಚ್ಚಕ್ಕೆ ದೇವರನ್ನೋ ಶಾಸ್ತ್ರವನ್ನೋ ಹೊಣೆ ಮಾಡುವಂತಿಲ್ಲ. ಇದರ ಮೂಲವಿರುವುದು ನಾಲ್ಕು ಜನ ಏನೆಂದಾರೋ ಎಂಬ ಅಂಜಿಕೆಯಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ದಿನನಿತ್ಯದ ಸಾಮಾನಿನ ಚೀಟಿಗೆ ಕಟ್ಟುನಿಟ್ಟಾಗಿ ಅನ್ವಯಿಸುವವರು ಅದನ್ನು ಮರೆತುಬಿಡುವುದು ಸರಿಯಾಗಿ ಇಂಥ ಸಂದರ್ಭದಲ್ಲಿಯೇ ಎಂಬುದು ಬಹಳ ನೋವಿನ ಸಂಗತಿ.

ಕರ್ಮದ ಆಡಂಬರವನ್ನು ಇಷ್ಟು ಧಾರಾಳವಾಗಿ ಮೊಟಕುಗೊಳಿಸಲು ಒಪ್ಪುವ ಶಾಸ್ತ್ರಗಳು ಅನ್ನದ ವಿಷಯ ಬಂದಾಗ ಬಿಗಿಯಾಗುತ್ತವೆ. ಅತಿಥಿಗೆ ಊಟವಾದ ಮೇಲೆಯೇ ಮನೆಯವರು ಉಣ್ಣಬೇಕೆಂಬ ನಿಯಮವು ಎಲ್ಲರಿಗೂ ತಿಳಿದದ್ದೇ. ಆದರೆ ಅದೇ ಪ್ರಕರಣದಲ್ಲಿ ಮನುವು ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೆ, ಕುಮಾರಿಯರಿಗೆ, ರೋಗಿಗಳಿಗೆ, ಗರ್ಭಿಣಿಯರಿಗೆ ಅತಿಥಿಗಿಂತಲೂ ಮೊದಲೇ ಯಾವ ಶಂಕೆಯೂ ಇಲ್ಲದೆ ಬಡಿಸಬೇಕೆಂದು ವಿಧಿಸಿರುವುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆಪಸ್ತಂಬ ಧರ್ಮಸೂತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊರತೆ ಬಿದ್ದರೆ ಗೃಹಸ್ಥನು ತನ್ನ, ತನ್ನ ಹೆಂಡತಿಯ ಅಥವಾ ಮಗನ ಪಾಲನ್ನು ಬೇಕಾದರೆ ಕಡಿಮೆ ಮಾಡಬಹುದು, ದುಡಿಯುವ ಆಳಿನ ಪಾಲನ್ನು ಮಾತ್ರ ಎಂದಿಗೂ ಕಡಿಮೆ ಮಾಡಬಾರದು ಎನ್ನುತ್ತದೆ. ದುಡಿಯುವವನ ತುತ್ತನ್ನು ಯಜಮಾನನ ತುತ್ತಿಗಿಂತ ಮೇಲಿಟ್ಟ ಈ ಸೂತ್ರವು ಮನುಷ್ಯತ್ವದ ದೃಷ್ಟಿಯಿಂದ ಬಹು ದೊಡ್ಡದು. ಆದರೆ ಹೆಂಡತಿಯ ಪಾಲನ್ನು ಕುಗ್ಗಿಸುವ ಅಧಿಕಾರವನ್ನೂ ಅದು ಗಂಡನ ಕೈಗೇ ಕೊಟ್ಟಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರನ್ನು ಮುದ್ದೆಯ ಚೂರಿನೊಡನೆ ಉಂಡು ಏಳುವ ಗೃಹಿಣಿಯರು ಇಂದಿಗೂ ಇದ್ದಾರೆ. ಮನೆಯಲ್ಲಿ ಯಾರೂ ಗಮನಿಸದೆ ನಡೆದುಹೋಗುವ ಮೊದಲ ವೆಚ್ಚಕಡಿತವು ಇದೇ ಆಗಿದ್ದು, ಅದಕ್ಕೆ ತ್ಯಾಗವೆಂಬ ಹೆಸರನ್ನು ಕೊಟ್ಟು ಸುಮ್ಮನಾಗುವುದು ಧರ್ಮವಾಗಲಾರದು.

ಇನ್ನು ದಾನದ ಪ್ರಶ್ನೆ. ತನ್ನವರು ಕಷ್ಟದಲ್ಲಿ ಬದುಕುತ್ತಿರುವಾಗ ಹೊರಗಿನವರಿಗೆ ಕೊಡುವ ಶಕ್ತನ ದಾನವು ಮೊದಲು ಜೇನಿನಂತೆ ಕಂಡು ಕೊನೆಗೆ ವಿಷವಾಗುವ ಧರ್ಮಪ್ರತಿರೂಪಕ, ಅಂದರೆ ಧರ್ಮದಂತೆ ತೋರುವ ಆದರೆ ಧರ್ಮವಲ್ಲದ ಕಾರ್ಯ, ಎಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಎಚ್ಚರಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರು ಮಾತ್ರ ಬಡತನವನ್ನು ದಾಸೋಹಕ್ಕೆ ಅಡ್ಡಿಯೆಂದು ಎಣಿಸಲೇ ಇಲ್ಲ. ಕಾಯಕವೆಂದರೆ ದೇವರ ಪೂಜೆಯೆಂಬ ಭಾವದಿಂದ ಮಾಡುವ ಪ್ರಾಮಾಣಿಕ ದುಡಿಮೆ, ದಾಸೋಹವೆಂದರೆ ಆ ದುಡಿಮೆಯ ಫಲವನ್ನು ತನ್ನದೆಂಬ ಅಹಂಕಾರವಿಲ್ಲದೆ ಸಮಾಜದೊಡನೆ ಹಂಚಿಕೊಳ್ಳುವುದು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವನ್ನಾಗಿ ಮಾಡಿಕೊಂಡಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಪತ್ನಿ ಲಕ್ಕಮ್ಮನು ಆ ಹೆಚ್ಚಳದಲ್ಲಿ ಆಸೆಯ ಸುಳಿವನ್ನು ಕಂಡು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಈ ಪ್ರಸಂಗವನ್ನು ಆಸೆಯ ತ್ಯಾಗಕ್ಕೆ ಉದಾಹರಣೆಯಾಗಿ ಹೇಳುವುದುಂಟು. ಆದರೆ ಇಲ್ಲಿ ಅಷ್ಟೇ ಮುಖ್ಯವಾದದ್ದು, ಆ ಮನೆಯಲ್ಲಿ ಎಷ್ಟು ಸಾಕು ಎಂಬುದನ್ನು ನಿರ್ಣಯಿಸಿದವಳು ಒಲೆಯ ಮುಂದೆ ನಿಲ್ಲುವ ಹೆಣ್ಣು ಎಂಬ ಸಂಗತಿ. ಕೊರತೆಯ ಹೊರೆಯನ್ನು ಹೊರಬೇಕಾದವಳೇ ಪ್ರಮಾಣವನ್ನು ಗೊತ್ತುಮಾಡಿದ್ದರಿಂದ ಅಲ್ಲಿ ಮನುವು ಹೇಳಿದ ಧರ್ಮಪ್ರತಿರೂಪಕಕ್ಕೆ ಅವಕಾಶವೇ ಉಳಿಯಲಿಲ್ಲ.

ಬೌದ್ಧರ ಅಂಗುತ್ತರ ನಿಕಾಯವೂ ಆಯಕ್ಕೆ ಮೀರಿದ ವ್ಯಯ ಮತ್ತು ಆಯವಿದ್ದೂ ಉಣ್ಣದ ಜಿಪುಣತನ ಎರಡನ್ನೂ ತಳ್ಳಿ, ಇವುಗಳ ನಡುವಿನ ಬಾಳನ್ನು ಸಮಜೀವನವೆಂದು ಗೃಹಸ್ಥರಿಗೆ ಬೋಧಿಸುತ್ತದೆ. ಆದರೆ ವೆಚ್ಚವನ್ನು ಕಡಿಮೆ ಮಾಡುವುದನ್ನೇ ಒಂದು ಕ್ರಮಬದ್ಧ ಸಾಧನೆಯನ್ನಾಗಿ ರೂಪಿಸಿದವರು ಜೈನರು. ಊಟದಂತೆ ಒಮ್ಮೆ ಅನುಭವಿಸಿ ಮುಗಿಯುವ ವಸ್ತು ಭೋಗ, ಬಟ್ಟೆಯಂತೆ ಮತ್ತೆ ಮತ್ತೆ ಬಳಕೆಗೆ ಬರುವ ವಸ್ತು ಉಪಭೋಗ. ಇವೆರಡಕ್ಕೂ ಮಿತಿಯನ್ನು ಹಾಕಿಕೊಳ್ಳುವುದು ಭೋಗೋಪಭೋಗ ಪರಿಮಾಣ ವ್ರತ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇದನ್ನು ಬಾಳಿನುದ್ದಕ್ಕೂ ಪಾಲಿಸುವ ಯಮವೆಂದೂ, ಗೊತ್ತಾದ ಕಾಲಕ್ಕೆ ಪಾಲಿಸುವ ನಿಯಮವೆಂದೂ ವಿಂಗಡಿಸಿ, ಊಟ, ವಾಹನ, ಹಾಸಿಗೆ, ಸ್ನಾನ, ಲೇಪನ, ಹೂವು, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಇವುಗಳನ್ನು ಒಂದು ದಿನಕ್ಕೋ ಪಕ್ಷಕ್ಕೋ ತಿಂಗಳಿಗೋ ಋತುವಿಗೋ ಬಿಡಬಹುದೆಂದು ಒಂದೊಂದಾಗಿ ಹೆಸರಿಸುತ್ತದೆ. ಅವಧಿಯನ್ನು ಮೊದಲೇ ಗೊತ್ತುಮಾಡಿರುವುದರಿಂದ ಬಿಟ್ಟವನಿಗೆ ಅದು ಕಳೆದುಕೊಂಡಂತೆ ತೋರದೆ ಹಿಡಿದ ವ್ರತವಾಗಿಯೇ ಇರುತ್ತದೆ. ಕಷ್ಟಕಾಲಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದು ಕಷ್ಟ.

ಆ ಪಟ್ಟಿಯಲ್ಲಿ ಇರುವುದೆಲ್ಲ ವ್ರತಿಯ ಸ್ವಂತ ಭೋಗಗಳು. ಒಬ್ಬನು ಹಿಡಿದ ವ್ರತವು ಇನ್ನೊಬ್ಬರ ತಟ್ಟೆಗೆ, ಔಷಧಕ್ಕೆ, ಕೂಲಿಗೆ ಅನ್ವಯಿಸುವುದಿಲ್ಲ. ಆದುದರಿಂದ ಮನೆಯ ಹಣವನ್ನು ಕೈಯಲ್ಲಿ ಹಿಡಿದವರು ಚೀಟಿಯಿಂದ ಒಂದೊಂದೇ ಬಾಬನ್ನು ಹೊಡೆಯುತ್ತ ಹೋಗುವಾಗ, ಮುದುಕರ ಮಾತ್ರೆ, ಮಗಳ ಹಾಲು, ಕೆಲಸದವರ ಸಂಬಳ ಇವುಗಳ ಮೇಲೆ ಕೈಯಿಡುವ ಮೊದಲು ತಮ್ಮ ತಾಂಬೂಲದಿಂದ, ತಮ್ಮ ವಾಹನದಿಂದ, ತಮ್ಮ ಹೆಸರಿಗಾಗಿ ಮಾಡುವ ಸಮಾರಂಭದಿಂದ ಆರಂಭಿಸಲಿ.