ನ್ಯಾಯಪೀಠ ಮತ್ತು ಉಪಕಾರದ ಋಣ

ಅಮೆರಿಕದ ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರನ್ನು ಮತದಾನದಿಂದ ಆರಿಸುವ ಪದ್ಧತಿಯಿದ್ದು, ಅಭ್ಯರ್ಥಿಯ ಪ್ರಚಾರಕ್ಕೆ ಹಣ ಸುರಿದವರೇ ಮುಂದೆ ಕಕ್ಷಿದಾರರಾಗಿ ಅವರೆದುರು ನಿಲ್ಲಬಹುದಾದ್ದರಿಂದ, ಆ ಹಣವು ದಾನವೋ ಲಂಚವೋ ಎಂಬ ಪ್ರಶ್ನೆ ಏಳುತ್ತದೆ. ಆದರೆ ಪ್ರಶ್ನೆಯನ್ನು ಈ ಎರಡೇ ಕವಲುಗಳಲ್ಲಿ ನಿಲ್ಲಿಸಿದರೆ ಅದರ ತಿರುಳು ಕೈತಪ್ಪುತ್ತದೆ.

ಆ ತಿರುಳನ್ನು ಹಳೆಯ ಧರ್ಮಶಾಸ್ತ್ರವೊಂದು ಹಿಡಿದಿಟ್ಟಿದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಮುಂದೆ ಮದರಾಸಿನ ನ್ಯಾಯಾಲಯಗಳಲ್ಲಿ ಹಿಂದೂ ಉತ್ತರಾಧಿಕಾರದ ಪ್ರಮಾಣಗ್ರಂಥವಾಯಿತು. ಆ ಸ್ಮೃತಿಯು ಸಭ್ಯರು, ಎಂದರೆ ನ್ಯಾಯಸಭೆಯಲ್ಲಿ ಕುಳಿತವರು, ದಾರಿ ತಪ್ಪಲು ರಾಗ, ಲೋಭ, ಭಯ ಎಂಬ ಮೂರು ಕಾರಣಗಳನ್ನು ಹೇಳಿ, ಸೋತ ಕಕ್ಷಿ ತೆರುವ ದಂಡದ ಇಮ್ಮಡಿಯನ್ನು ಅವರಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ವಿಧಿಸುತ್ತದೆ. ಲಂಚವು ಲೋಭಕ್ಕೆ ಸೇರಿದ್ದು. ಪ್ರಚಾರದ ದೇಣಿಗೆಯಾದರೋ ರಾಗಕ್ಕೆ, ಅಂದರೆ ಅತಿಯಾದ ಸ್ನೇಹಕ್ಕೆ, ಸೇರುತ್ತದೆ. ಉಪಕಾರವನ್ನು ನೆನೆಯುವ ಕೃತಜ್ಞತೆ ಮನೆಯಲ್ಲೂ ಊರಲ್ಲೂ ಸದ್ಗುಣವೇ ಆಗಿದ್ದು, ಅದು ದೋಷವಾಗುವುದು ನ್ಯಾಯಪೀಠವನ್ನೇರಿದ ಮೇಲೆ. ಆದ್ದರಿಂದಲೇ ಸಜ್ಜನನಾದ ನ್ಯಾಯಾಧೀಶನಿಗೆ ಈ ಅಪಾಯ ಹೆಚ್ಚು.

ಅಮೆರಿಕಕ್ಕೆ ಮರಳಿದರೆ, ಅಲ್ಲಿನ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಕಲ್ಲಿದ್ದಲು ಕಂಪನಿಯೊಂದರ ಮುಖ್ಯಸ್ಥರು, 5 ಕೋಟಿ ಡಾಲರ್ ಪರಿಹಾರದ ತೀರ್ಪು ತಮ್ಮ ಕಂಪನಿಯ ವಿರುದ್ಧ ಬಂದಿದ್ದ ಹೊತ್ತಿನಲ್ಲಿ, ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ನಡೆದ 2004ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪರವಾಗಿ ಸುಮಾರು 30 ಲಕ್ಷ ಡಾಲರ್ ವ್ಯಯಿಸಿದರು. ಗೆದ್ದ ನ್ಯಾಯಮೂರ್ತಿ ಪ್ರಕರಣದಿಂದ ಹಿಂದೆ ಸರಿಯಲೊಪ್ಪದೆ, ಆ ತೀರ್ಪನ್ನು ರದ್ದುಪಡಿಸಿದ ಬಹುಮತದಲ್ಲಿ ಸೇರಿದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಪಕ್ಷಪಾತ ನಿಜವಾಗಿಯೂ ನಡೆದಿದೆಯೆಂದು ಸಾಬೀತುಪಡಿಸುವ ಅಗತ್ಯವಿಲ್ಲದೆಯೇ, ಅವರು ಸರಿಯಬೇಕಿತ್ತೆಂದು 5–4ರಿಂದ ನಿರ್ಣಯಿಸಿತು.

ಚೆನ್ನೈಗೆ ಸುಮಾರು 90 ಕಿಲೋಮೀಟರ್ ದೂರದ ಉತ್ತಿರಮೇರೂರಿನಲ್ಲಿ ಈ ಕಂಟಕಕ್ಕೆ ಬೇರೊಂದು ಪರಿಹಾರ ಕಲ್ಲಿನ ಮೇಲೆ ಉಳಿದಿದೆ. ಮೊದಲನೆಯ ಪರಾಂತಕ ಚೋಳನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳ ಪ್ರಕಾರ, 30 ಕುಡುಂಬುಗಳಲ್ಲಿ, ಎಂದರೆ ಊರಿನ ವಾರ್ಡುಗಳಲ್ಲಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದೊಳಗೆ ಹಾಕಿ, ಏನೂ ಅರಿಯದ ಬಾಲಕನಿಂದ ಎತ್ತಿಸಿ, ಕೆರೆ, ತೋಟ ಮುಂತಾದವುಗಳ ಸಮಿತಿಗಳಿಗೆ ಜನರನ್ನು ಆರಿಸಲಾಗುತ್ತಿತ್ತು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೆ ಮಾತ್ರವಲ್ಲ, ಅವನ ಬಂಧುಗಳಿಗೂ ಅಲ್ಲಿ ಪ್ರವೇಶವಿರಲಿಲ್ಲ. ಭೂಮಿಯೂ ವೇದಜ್ಞಾನವೂ ಉಳ್ಳವರ ಅಗ್ರಹಾರದ ವ್ಯವಸ್ಥೆ ಇದು. ಉಳಿದವರನ್ನು ಹೊರಗಿಟ್ಟ ಅದರ ಅನ್ಯಾಯವನ್ನು ಮರೆಯಲಾಗದು. ಆದರೂ ಆ ಕೊಡದಿಂದ ಬಂದವನು ಯಾರಿಗೂ ಋಣಿಯಲ್ಲ, ಏಕೆಂದರೆ ಅವನನ್ನು ಆರಿಸಿದ ಕೈಗೆ ಅವನ ಹೆಸರೇ ಗೊತ್ತಿರಲಿಲ್ಲ.

ಇಂದಿನ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಗಳು ಸಂವಿಧಾನದ 217ನೆಯ ವಿಧಿಯಂತೆ ನೇಮಕಗೊಳ್ಳುವುದರಿಂದ ಅವರಿಗೆ ಚುನಾವಣಾ ದೇಣಿಗೆಯ ಹಂಗಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ಅಂಗೀಕರಿಸಿದ ನ್ಯಾಯಾಂಗ ಜೀವನದ ಮೌಲ್ಯಗಳ ಹೇಳಿಕೆಯಂತೂ ಕ್ಲಬ್ಬು, ಸಂಘಗಳ ಪದಾಧಿಕಾರಕ್ಕೆ ಸ್ಪರ್ಧಿಸುವುದನ್ನೂ ಯಾವುದೇ ಉದ್ದೇಶಕ್ಕೆ ನಿಧಿ ಸಂಗ್ರಹಿಸುವುದನ್ನೂ ನ್ಯಾಯಮೂರ್ತಿಗೆ ನಿಷೇಧಿಸುತ್ತದೆ. ಆದರೆ ನೇಮಕಕ್ಕೆ ಹೆಸರು ಸೂಚಿಸಿದವರ ಕಡೆಗೂ, ನಿವೃತ್ತಿಯ ನಂತರ ಆಯೋಗದ ಹುದ್ದೆ ಕೊಡಬಲ್ಲ ಸರ್ಕಾರದ ಕಡೆಗೂ ಅದೇ ರಾಗ ಹರಿಯಬಲ್ಲದು. ಸ್ಮೃತಿಯ ಇಮ್ಮಡಿ ದಂಡ ಇಲ್ಲಿ ಸೋಲುತ್ತದೆ: ಅದು ಧರ್ಮಕ್ಕೆ ವಿರುದ್ಧವಾದ ತೀರ್ಪನ್ನು ಹಿಡಿಯಬಲ್ಲದೇ ಹೊರತು, ಶಾಸ್ತ್ರವೂ ಸಾಕ್ಷ್ಯವೂ ಎರಡೂ ಕಡೆಗೆ ಸಮನಾಗಿ ತೂಗುವ ವ್ಯಾಜ್ಯದಲ್ಲಿ ಉಪಕಾರಿಯ ಕಡೆಗೆ ಮೆಲ್ಲನೆ ವಾಲಿದ ಮನಸ್ಸನ್ನಲ್ಲ, ಆ ವಾಲಿಕೆ ಸ್ವತಃ ನ್ಯಾಯಾಧೀಶನ ಅರಿವಿಗೂ ಬಂದಿರಲಾರದು.