ದಾರಿಯ ಮೇಲಣ ಕಲ್ಲು ಯಾರದು?



ಒಬ್ಬನು ಯಾರ ಮನೆಯನ್ನೂ ಹೊಗದೆ, ಯಾರ ಹೊಲದ ಬದುವನ್ನೂ ದಾಟದೆ, ಯಾರೂ ಲಕ್ಷ್ಯಕ್ಕೆ ತಾರದ ಕಾಲುದಾರಿಯಿಂದ ಒಂದು ಚಿಕ್ಕ ಕಲ್ಲನ್ನು ಎತ್ತಿಕೊಂಡು ಬಂದರೆ ಅದು ಕಳವಾಗುವದೋ? ಈ ಪ್ರಶ್ನೆಯನ್ನು ನನ್ನ ಹನ್ನೊಂದು ವರುಷದ ಮಗನು ನನಗೆ ಹಾಕಿದನು. ಕಳವಿನ ವಿಷಯವಾದ ಆಜ್ಞೆಯನ್ನು ಅನೇಕ ವರುಷಗಳಿಂದ ಮಕ್ಕಳಿಗೆ ಕಲಿಸುತ್ತಾ ಬಂದವನಾದರೂ ನಾನು ತಟ್ಟನೆ ಉತ್ತರ ಕೊಡಲಾರದೆ ಹೋದೆನು. ಅದಕ್ಕೆ ಒಂದು ಕಾರಣವಿತ್ತು. ಅದನ್ನು ಮುಂದೆ ಮರೆಮಾಡದೆ ಹೇಳುವೆನು.

ಮಳೆಗಾಲವು ಕಳೆದು ಬಿಳಿಜೋಳದ ಬಿತ್ತಿಗೆ ಮುಗಿದ ಮೇಲೆ ನಾವು, ಅಂದರೆ ನಾನೂ ನಮ್ಮ ಮನೆಯವರೂ ಮಗನೂ ಅವನ ತಂಗಿಯೂ, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣದಲ್ಲಿ ರೈಲು ಹತ್ತಿ ಬದಾಮಿಗೆ ಹೋದೆವು. ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಟಲಿ ನೀರು, ಇಷ್ಟೇ ನಮ್ಮ ಗಂಟು. ಇಂಡಿ, ಸಿಂದಗಿ, ಬಾಗೇವಾಡಿ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ನೆಲವೆಂದರೆ ಎರೆಯೇ, ಕಲ್ಲೆಂದರೆ ಕರಿಕಲ್ಲೇ. ಈ ಕರಿಕಲ್ಲು ಸುಮಾರು ೬.೬ ಕೋಟಿ ವರುಷಗಳ ಹಿಂದೆ ಭೂಮಿಯು ಬಿರಿದು ಹೊರಗೆ ಹರಿದ ಬೆಂಕಿಯಂಥ ಶಿಲಾರಸವು ಪದರು ಪದರಾಗಿ ತಣಿದದ್ದರಿಂದ ಉಂಟಾಯಿತು. ಅದು ಸವೆದು ಪುಡಿಯಾಗಿ ನಮ್ಮ ಎರೆಯಾಯಿತು. ಮುದ್ದೇಬಿಹಾಳದ ಆಚೆ ತಾಳಿಕೋಟೆಯ ಕಡೆಗೆ ಹೋದರೆ ಹಾಸುಗಲ್ಲಾಗಿ ಒಡೆಯುವ ಸುಣ್ಣಶಿಲೆ ಬರುವದು. ಅದು ಕರಿಕಲ್ಲಿಗಿಂತಲೂ ಬಹು ಹಳೆಯದು. ರೈಲು ಕೃಷ್ಣೆಯನ್ನು ದಾಟಿ ಬಾಗಲಕೋಟೆಯನ್ನು ಹಿಂದೆ ಬಿಟ್ಟು ತೆಂಕಲಿಗೆ ಓಡಿದಾಗ ಕರಿಕಲ್ಲು ಮರೆಯಾಗಿ ಬದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು ಎದ್ದು ನಿಂತವು. ಮಗಳು ಅದನ್ನು ನೋಡಿ ಗುಡ್ಡಕ್ಕೆ ಯಾರೋ ಕಾವಿ ಬಳಿದಿದ್ದಾರೆ ಅಂದಳು.

ವರುಷಗಳ ಈ ಲೆಕ್ಕವನ್ನು ಕೇಳಿ ಕೆಲವು ಹಿರಿಯರು ಹುಬ್ಬು ಗಂಟಿಕ್ಕುವದುಂಟು. ಅವರೊಂದಿಗೆ ನಾನು ವಾದಕ್ಕೆ ನಿಲ್ಲೆನು. ಕಲ್ಲು ತನ್ನ ವಯಸ್ಸನ್ನು ಹೇಳುವದು ಕಲ್ಲನ್ನು ಉಂಟುಮಾಡಿದಾತನಿಗೆ ವಿರೋಧವಾದ ಮಾತಲ್ಲವೆಂದು ನನಗೆ ತೋರುತ್ತದೆ. ಇದನ್ನು ಇಲ್ಲಿಗೇ ಬಿಡುತ್ತೇನೆ.

ಬದಾಮಿಯಲ್ಲಿ ಕೆರೆಯ ಪಕ್ಕದಲ್ಲಿ, ಬಡಗಣ ಕೋಟೆಯ ಬುಡದಲ್ಲಿ, ಪುರಾತತ್ವ ಇಲಾಖೆಯವರ ಚಿಕ್ಕ ವಸ್ತುಸಂಗ್ರಹಾಲಯವಿದೆ. (ಶುಕ್ರವಾರ ಅದಕ್ಕೆ ಬಾಗಿಲು, ಹೋಗುವವರು ನೆನಪಿನಲ್ಲಿಡಿರಿ.) ಚಾಲುಕ್ಯರ ಕಾಲದ ಮೂರ್ತಿಗಳೂ ಶಾಸನಗಳೂ ಅಲ್ಲಿ ಬಹಳ. ಆದರೆ ನಮ್ಮ ಮಕ್ಕಳು ನಿಂತದ್ದು ಆದಿಮಾನವರ ಕಲ್ಲಿನ ಆಯುಧಗಳ ಮುಂದೆಯೂ, ಮಲಪ್ರಭೆಯ ಕಣಿವೆಯನ್ನು ಚಿಕ್ಕದಾಗಿ ಮಾಡಿ ತೋರಿಸಿದ ಪ್ರತಿರೂಪದ ಮುಂದೆಯೂ, ಶಿಡ್ಲಫಡಿ ಎಂಬ ಕಲ್ಲಾಸರೆಯ ಮಾದರಿಯ ಮುಂದೆಯೂ. ಮಗಳು ಯಾವದೋ ಪುಸ್ತಕದಲ್ಲಿ ದೊಡ್ಡ ಮೃಗಗಳ ಎಲುಬುಗಳ ಚಿತ್ರವನ್ನು ನೋಡಿದ್ದಳು. ಇಲ್ಲಿ ಅಂಥ ಎಲುಬುಗಳು ಯಾಕೆ ಇಲ್ಲವೆಂದು ಅಳುವ ಮುಖ ಮಾಡಿದಳು. ಬದಾಮಿಯ ಬಂಡೆಯಲ್ಲಿ ಎಲುಬು ಸಿಕ್ಕುವದಿಲ್ಲ ಮಗಳೇ, ಈ ಮರಳು ನೀರಿನಲ್ಲಿ ಪದರು ಕಟ್ಟಿದ ದಿನಗಳಲ್ಲಿ ಎಲುಬುಳ್ಳ ಪ್ರಾಣಿ ಭೂಮಿಯ ಮೇಲೆ ಇನ್ನೂ ಒಂದೂ ಇರಲಿಲ್ಲ ಎಂದು ತಿಳಿಸಿದೆನು. ಕಲಾದಗಿ ಸೀಮೆಯ ಸುಣ್ಣಶಿಲೆಗಳಲ್ಲಿ ಜೀವದ ಗುರುತು ಉಂಟು. ಆದರೆ ಅದು ಮೃಗದ್ದಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಆಳವಿಲ್ಲದ ನೀರಿನಲ್ಲಿ ಪಾಚಿಯಂತೆ ಹರಡಿ, ಮೇಲೆ ಮೇಲೆ ಕಟ್ಟಿದ ಪದರುಗಳದ್ದು. ಕಡಿದು ನೋಡಿದರೆ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಸುತ್ತು ಸುತ್ತಾಗಿ ಕಾಣುವದು.

ನಮ್ಮ ನಾಡಿನಲ್ಲಿ ಎಲುಬು ಸಿಕ್ಕೇ ಇಲ್ಲವೆಂದಲ್ಲ. ಬ್ರೂಸ್ ಫೂಟ್ ಎಂಬ ಭೂಶಾಸ್ತ್ರಜ್ಞನು ಗೋಕಾಕದ ಹತ್ತಿರ ಚಿಕ್ಕದವಳಿಯ ಹಳ್ಳದ ದಂಡೆಯ ಮಣ್ಣಿನಲ್ಲಿ ಖಡ್ಗಮೃಗದ ಅವಶೇಷಗಳನ್ನು ಕಂಡು, ೧೮೭೪ರಲ್ಲಿ ಅದರ ವಿವರವನ್ನು ಅಚ್ಚು ಹಾಕಿಸಿದನು. ಈಗ ಕಬ್ಬು ಬೆಳೆಯುವ ಆ ಘಟಪ್ರಭೆಯ ಕಣಿವೆಯಲ್ಲಿ ಒಮ್ಮೆ ಖಡ್ಗಮೃಗಗಳು ಮೇಯುತ್ತಿದ್ದವೆಂಬ ಮಾತು ಮಗಳನ್ನು ಸಮಾಧಾನಪಡಿಸಿತು.

ಮಧ್ಯಾಹ್ನದ ಮೇಲೆ ನಾವು ಶಿಡ್ಲಫಡಿಗೆ ನಡೆದೆವು. ಸಿಡಿಲು ಬಡಿದ ಬಂಡೆ ಎಂದು ಆ ಹೆಸರಿನ ಅರ್ಥ. ಊರಿನಿಂದ ಗುಡ್ಡದ ಮೇಲೆ ಹತ್ತಿ, ಕುರುಚಲು ಗಿಡಗಳ ನಡುವೆ, ಕುರುಬರ ಮಕ್ಕಳು ತುಳಿದು ಮಾಡಿದಂಥ ದಾರಿಯಲ್ಲಿ ಕೆಲವು ಮೈಲಿ ಹೋಗಬೇಕು. ದಾರಿಯುದ್ದಕ್ಕೂ ಚಪ್ಪಟೆ ಬಂಡೆಗಳ ಮೇಲೆ ತೆರೆ ತೆರೆಯಾದ ಗೆರೆಗಳನ್ನು ಕಂಡು ಮಗನು ಬಾಗಿ ಕೈಯಾಡಿಸಿದನು. ಹೊಳೆಯ ದಂಡೆಯ ಹಸಿ ಉಸುಕಿನ ಮೇಲೆ ನೀರು ಹೋಗಿ ಬಂದು ಬರೆಯುವ ಗೆರೆಗಳೇ ಅವು. ಯಾವದೋ ಒಂದು ದಿನದ ನೀರಿನ ಅಲುಗಾಟವು ಕಲ್ಲಾಗಿ ನಿಂತಿದೆ. ನೀರು ಎಂದೋ ಹೋಗಿದೆ. ಕಡೆಗೆ ಎರಡು ಬಂಡೆಗಳ ನಡುವೆ ತಾನಾಗಿಯೇ ಉಂಟಾದ ಕಲ್ಲಿನ ಸೇತುವೆಯೂ, ಅದರ ಆಸರೆಯಲ್ಲಿ ಆದಿಮಾನವರು ಕೆಂಪು ಬಣ್ಣದಿಂದ ಬರೆದ, ಈಗ ಬಹಳ ಮಾಸಿದ ಚಿತ್ರಗಳೂ ಕಂಡವು. ಮಕ್ಕಳ ಅವ್ವ ಸೆರಗಿನಿಂದ ಬೆವರು ಒರಸಿಕೊಂಡು ಆ ನೆರಳಿನಲ್ಲಿ ಕೂತು, ಇಲ್ಲಿ ಇದ್ದವರಿಗೂ ಮಧ್ಯಾಹ್ನ ಹೀಗೆಯೇ ನೆರಳು ಬೇಕಾಗಿತ್ತು ನೋಡಿರಿ, ಅಂದರು.

ಅಲ್ಲಿ ಮಗನು ಬಾಗಿ ಒಂದು ಕಲ್ಲನ್ನು ಎತ್ತಿ ತಿರುಗಿಸಿ ನೋಡಿ ಅಂಗಿಯ ಕಿಸೆಯಲ್ಲಿ ಇಟ್ಟನು. ಗಾಜಿನ ಪೆಟ್ಟಿಗೆಯಲ್ಲಿ ಕಂಡ ಆಯುಧಗಳ ಹಾಗೆಯೇ ಅದಕ್ಕೆ ಒಂದು ಕಡೆ ಹರಿತವಾದ ಅಂಚಿತ್ತು. ನಾನು ನೋಡಿದೆನು. ನೋಡಿಯೂ ನೋಡದವನಂತೆ ಇದ್ದೆನು. ಯಾಕಂದರೆ ನನ್ನ ಕಾಲು ಸೋತಿತ್ತು, ಸಂಜೆಯ ರೈಲಿನ ಚಿಂತೆ ಇತ್ತು. ಅದಲ್ಲದೆ ನನ್ನ ಮಗನು ಸಾವಿರ ಕಲ್ಲುಗಳಲ್ಲಿ ಆ ಒಂದನ್ನು ಗುರುತಿಸಿದ್ದಕ್ಕಾಗಿ ನನಗೆ ಒಳಗೊಳಗೆ ಹೆಮ್ಮೆಯೂ ಆಗಿತ್ತು. ಮೇಲೆ ಹೇಳಿದ ಕಾರಣವು ಇದೇ.

ಮರುದಿನ ಅರಿವೆ ತೊಳೆಯುವಾಗ ಕಲ್ಲು ಹೊರಗೆ ಬಂದಿತು. ಮಗನ ಅವ್ವ ಮೊದಲು ಅವನನ್ನು ಕೇಳದೆ ನನ್ನನ್ನೇ ಕೇಳಿದರು: “ನೀವು ನೋಡಿದ್ದಿರೇನು?” ನಾನು ಹೌದೆಂದೆನು. ಅವರು ಮತ್ತೇನೂ ಅನ್ನದೆ ಕಲ್ಲನ್ನು ಕಟ್ಟೆಯ ಮೇಲಿಟ್ಟು ಅರಿವೆ ಹಿಂಡತೊಡಗಿದರು. ಆಗ ಮಗನು, “ಅಪ್ಪಾ, ಅದು ಯಾರದೂ ಅಲ್ಲ. ಅದು ಕಳೆಯಿತೆಂದು ಯಾರು ಅಳುತ್ತಾರೆ? ಬದಾಮಿಯಲ್ಲಿ ಗಾಜಿನೊಳಗೆ ಇಟ್ಟ ಕಲ್ಲುಗಳನ್ನೂ ಯಾರೋ ಎತ್ತಿಕೊಂಡು ಬಂದವರೇ ಅಲ್ಲವೇ?” ಎಂದು ಕೇಳಿದನು.

ಈ ಮಾತಿಗೆ ಸರಕಾರದ ಕಾಯಿದೆಯನ್ನು ತೋರಿಸಿ ಬಾಯಿ ಮುಚ್ಚಿಸಬಹುದಿತ್ತು. ನೂರು ವರುಷಕ್ಕೆ ಕಡಿಮೆಯಲ್ಲದ ಕೈಗೆಲಸದ ವಸ್ತುಗಳ ವಿಷಯದಲ್ಲಿ ೧೯೭೨ರ ಕಾಯಿದೆಯೊಂದು ಉಂಟು. ಆದರೆ ಕಾಯಿದೆಯಿಂದ ಬಾಯಿ ಮುಚ್ಚಿದ ಮಗುವಿನ ಮನಸ್ಸು ತೆರೆಯದು. ಯಾರಿಗೂ ನಷ್ಟವಿಲ್ಲದ ಕಡೆ ತಪ್ಪು ಹೇಗೆ ಹುಟ್ಟುವದು ಎಂಬದೇ ಅವನ ಪ್ರಶ್ನೆಯಾಗಿತ್ತು.

ಹೊಲವುಳ್ಳ ವಾಚಕರು ಬಾಂದಕಲ್ಲನ್ನು ನೆನಸಿಕೊಳ್ಳಿರಿ. ಆ ಕಲ್ಲಿಗೆ ಪೇಟೆಯಲ್ಲಿ ಎಂಟಾಣೆ ಬೆಲೆಯಿಲ್ಲ. ಅದನ್ನು ಮನೆಗೆ ತಂದರೆ ಮೆಣಸಿನಕಾಯಿ ಕುಟ್ಟಲಿಕ್ಕೂ ಬಾರದು. ಆದರೂ ರಾತ್ರಿಯಲ್ಲಿ ಅದನ್ನು ನಾಲ್ಕು ಗೇಣು ಸರಿಸಿದವನನ್ನು ನಾವು ಕಳ್ಳನೆಂದು ಕರೆಯುತ್ತೇವೆ. ಮೋಶೆಯ ಧರ್ಮಶಾಸ್ತ್ರವೂ ಅವನನ್ನು ದೂಷಿಸುತ್ತದೆ. ಅವನು ಏನು ಕದ್ದನು? ಕಲ್ಲನ್ನಲ್ಲ, ಅದು ಅಲ್ಲಿಯೇ ಇದೆ. ಕಲ್ಲು ಹೇಳುತ್ತಿದ್ದ ಮಾತನ್ನು ಕದ್ದನು. ಕೆಲವು ಕಲ್ಲುಗಳ ಬೆಲೆಯೆಲ್ಲಾ ಅವು ಬಿದ್ದಿರುವ ಸ್ಥಳದಲ್ಲಿಯೇ ಇರುವದು.

ಇದಕ್ಕೆ ನಮ್ಮ ಮಗ್ಗುಲಲ್ಲೇ ದೃಷ್ಟಾಂತವಿದೆ. ತಾಳಿಕೋಟೆಯಿಂದ ಮೂಡಲಿಗೆ ಹೋದರೆ ಹುಣಸಗಿಯ ಬಳಿ ಇಸಾಂಪುರವೆಂಬ ಚಿಕ್ಕ ಹಳ್ಳಿ. ಅಲ್ಲಿ ನೀರಾವರಿಯ ಕೆಲಸಕ್ಕಾಗಿ ಮಣ್ಣು ತೆಗೆದಿದ್ದ ಸ್ಥಳದಲ್ಲಿ, ೧೯೮೩ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಕಲ್ಲಿನ ಆಯುಧಗಳನ್ನು ಕಂಡರು. ಮುಂದೆ ಹಲವು ವರುಷ ನೆಲವನ್ನು ಮೆಲ್ಲ ಮೆಲ್ಲನೆ ಅಗೆದಾಗ, ಆದಿಮಾನವರು ಅಲ್ಲಿಯ ಸುಣ್ಣಶಿಲೆಯ ಹಾಸುಗಲ್ಲುಗಳನ್ನೇ ಒಡೆದು ಆಯುಧ ಮಾಡಿದ್ದು ತಿಳಿಯಬಂತು. ಒಡೆದ ಕಲ್ಲೂ, ಸಿಡಿದ ಚಕ್ಕೆಗಳೂ, ಹೊಡೆಯಲಿಕ್ಕೆ ಬೇರೆ ಜಾತಿಯ ಗಟ್ಟಿ ಕಲ್ಲಿನಿಂದ ಮಾಡಿಕೊಂಡ ಸುತ್ತಿಗೆಗಳೂ ಒಂದರ ಬದಿಗೆ ಒಂದು ಬಿದ್ದಿದ್ದವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಅದರ ಕಾಲವು ಸುಮಾರು ೧೨ ಲಕ್ಷ ವರುಷವೆಂದು ಎಣಿಸಿದ್ದಾರೆ. ಅದು ಮನೆಯಲ್ಲ, ಬೇಟೆಯ ಸ್ಥಳವಷ್ಟೇ ಅಲ್ಲ, ಕಾರ್ಖಾನೆಯೇ ಎಂದು ಹೇಳಲು ಸಾಧ್ಯವಾದದ್ದು ಹೇಗೆ? ಚಕ್ಕೆಗಳು ಬಿದ್ದಲ್ಲೇ ಇದ್ದದ್ದರಿಂದ. ದಾರಿಹೋಕರೆಲ್ಲರೂ ನನ್ನ ಮಗನಂತೆ ಒಂದೊಂದನ್ನು ಕಿಸೆಗೆ ಹಾಕಿದ್ದರೆ ಪ್ರತಿಯೊಬ್ಬರ ಮನೆಯಲ್ಲಿ ಒಂದು ಚಂದದ ಕಲ್ಲು ಇರುತ್ತಿತ್ತು. ಇಸಾಂಪುರವು ಮಾತ್ರ ಇರುತ್ತಿರಲಿಲ್ಲ.

ಇಷ್ಟು ಹೇಳಿದಾಗ ಮಗನು ಸುಮ್ಮನಾದನು. ಆದರೆ ಅವನ ಎರಡನೆಯ ಮಾತು ನನ್ನನ್ನು ಬಿಡಲಿಲ್ಲ. ಪಂಡಿತರೂ ಎತ್ತಿಕೊಂಡು ಹೋದವರೇ ಅಲ್ಲವೇ? ನಾಗಪುರದಲ್ಲಿ ೧೮೪೫ರಿಂದ ಕೆಲಸ ಮಾಡಿದ ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಮಿಶನರಿಯು ತನ್ನ ಜೊತೆಗಾರನಾದ ಹಂಟರನೊಂದಿಗೆ ೧೮೫೧ರಲ್ಲಿ ಟಾಕಳಿಯ ಬಳಿ, ಕರಿಕಲ್ಲಿನ ಪದರುಗಳ ನಡುವೆ, ಸಿಹಿನೀರಿನ ಶಂಖುಗಳೂ ಹಣ್ಣುಬೀಜಗಳೂ ಹುಳಗಳ ರೆಕ್ಕೆಗಳೂ ಕಲ್ಲಾಗಿ ಉಳಿದದ್ದನ್ನು ಕಂಡನು. ಒಂದು ಶಿಲಾರಸ ಹರಿದು ತಣಿದ ಮೇಲೆ ಇನ್ನೊಂದು ಹರಿಯುವ ಮೊದಲು ಕೆರೆಗಳು ತುಂಬಿ, ಗಿಡ ಬೆಳೆದು, ಹುಳಹುಪ್ಪಟೆ ಹಾರಾಡುವಷ್ಟು ಕಾಲ ಕಳೆದಿತ್ತೆಂಬದು ಇದರಿಂದ ಗೊತ್ತಾಯಿತು. ನಮ್ಮ ಎರೆಯ ಕೆಳಗಿನ ಕಲ್ಲಿನ ಕಥೆಯನ್ನು ಓದಲು ಕಲಿಸಿದವರಲ್ಲಿ ಅವನೊಬ್ಬನು. ೧೮೬೩ನೇ ಸೆಪ್ಟೆಂಬರ್ ೪ರಂದು, ಟಾಕಳಘಾಟದ ಪುರಾತನ ಕಲ್ಲುವೃತ್ತಗಳನ್ನು ನೋಡಿ ಹಿಂದಿರುಗುವಾಗ ತುಂಬಿದ ಹಳ್ಳದಲ್ಲಿ ಅವನು ಮುಳುಗಿ ಸತ್ತನು. ಇಂಥವನನ್ನು ನಾನು ಗೌರವಿಸುತ್ತೇನೆ. ಆದರೂ ಅವನು ಕೂಡಿಸಿದ ಕಲ್ಲುಗಳು ಲಂಡನ್ನಿಗೆ ಹೋದವು. ಟಾಕಳಿಯ ಮಕ್ಕಳಿಗೆ ಅವುಗಳನ್ನು ನೋಡುವ ಭಾಗ್ಯವಿಲ್ಲ. ಅವನು ಯಾವ ಕಲ್ಲು ಯಾವ ಪದರಿನಿಂದ ಬಂತೆಂದು ಬರೆದಿಟ್ಟನು, ಆದದರಿಂದ ಕಲ್ಲಿನ ಮಾತು ಉಳಿಯಿತು. ಕಲ್ಲಿನ ಊರು ಮಾತ್ರ ಬರಿದಾಯಿತು. ಇದನ್ನು ನಾನು ಪೂರ್ತಿ ಸರಿಯೆಂದು ಹೇಳಲಾರೆನು, ತಪ್ಪೆಂದು ತೀರ್ಪು ಮಾಡಲಾರೆನು.

ಸ್ಥಳದಿಂದ ಎತ್ತಿದ ಕಲ್ಲೆಲ್ಲಾ ಕಳವೇ ಎಂದೂ ಹೇಳಕೂಡದು. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿದಾಗ ಹೊಸ ಊರಿಗೆ ಬಂದ ಒಬ್ಬ ಹಿರಿಯ ತಾಯಿಯನ್ನು ನಾನು ಬಲ್ಲೆನು. ಅವರು ಹಳೇ ಮನೆಯ ಹೊಸ್ತಿಲ ಕಲ್ಲನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಮನೆಯ ಪರಿಹಾರ ಕೈಗೆ ಬಂದಿದ್ದರಿಂದ ಲೆಕ್ಕಕ್ಕೆ ನೋಡಿದರೆ ಆ ಕಲ್ಲು ಸರಕಾರದ್ದೇ. ಆದರೆ ಅದನ್ನು ಯಾರು ಕೇಳಿದರೂ ಅದು ಯಾವ ಓಣಿಯದು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಅದನ್ನು ಯಾರು ಮೆಟ್ಟಿ ಮದುವಣಗಿತ್ತಿಯಾಗಿ ಒಳಗೆ ಬಂದರು ಎಂದು ಅವರು ಹೇಳಬಲ್ಲರು. ಸ್ಥಳವೇ ನೀರಿನ ಪಾಲಾದಾಗ ಅದರ ಮಾತನ್ನು ಹೊತ್ತು ತಂದವರನ್ನು ಕಳ್ಳರೆನ್ನುವದು ಹೇಗೆ?

ಹಾಗಾದರೆ ನಮ್ಮ ಕಲ್ಲನ್ನು ಏನು ಮಾಡಬೇಕು? ನೆರೆಯವರೊಬ್ಬರು, ಇಷ್ಟಕ್ಕೆ ಇಷ್ಟು ಚಿಂತೆಯೇಕೆ, ಹೊಲಕ್ಕೆ ಎಸೆದುಬಿಡಿರಿ, ಅಂದರು. ಎಸೆಯಲು ಕೈಯೆತ್ತಿದ ಮಗನು ತಾನೇ ನಿಂತು ಹೀಗೆ ಕೇಳಿದನು: “ಅಪ್ಪಾ, ಮುಂದೆ ಯಾರಾದರೂ ನಮ್ಮ ಎರೆಯಲ್ಲಿ ಇದನ್ನು ಕಂಡರೆ, ಆದಿಮಾನವರು ಇಲ್ಲಿಯೂ ಇದ್ದರೆಂದು ಬರೆಯುವರಲ್ಲವೇ?” ಅದು ನನಗೆ ಹೊಳೆದಿರಲಿಲ್ಲ. ಕಳವೆಂದು ಆರಂಭವಾದದ್ದು ಹೊಲಕ್ಕೆ ಬಿದ್ದರೆ ಸುಳ್ಳುಸಾಕ್ಷಿಯಾಗಿ ಮುಗಿಯುವದು; ಆ ಸಾಕ್ಷಿಯು ನಮ್ಮೆಲ್ಲರ ಆಯುಷ್ಯಕ್ಕಿಂತಲೂ ಹೆಚ್ಚು ಕಾಲ ಅಲ್ಲಿ ನಿಂತು ಸುಳ್ಳು ಹೇಳುವದು. ಅದು ನಿಜವಾಗಿ ಆಯುಧವೋ, ಆಡಿನ ಕಾಲಿಗೆ ಸಿಕ್ಕು ಸಿಡಿದ ಬರೀ ಚಕ್ಕೆಯೋ, ಅದೂ ನಮಗೆ ಗೊತ್ತಿಲ್ಲ. ಅದು ಇದ್ದಲ್ಲೇ ಇದ್ದರೆ ಬಲ್ಲವರು ಅದರ ಸುತ್ತಲಿನ ನೆಲವನ್ನು ನೋಡಿ ಹೇಳುತ್ತಿದ್ದರು.

ಕಡೆಗೆ ಅದನ್ನು ಹತ್ತಿಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿಟ್ಟೆವು. ಜೋಳದ ಸುಗ್ಗಿಯಾದ ಮೇಲೆ ನಾಲ್ವರ ರೈಲಿನ ಖರ್ಚು ಕೂಡಿದರೆ ಬದಾಮಿಗೆ ಹೋಗಿ, ವಸ್ತುಸಂಗ್ರಹಾಲಯದವರಿಗೆ ನಡೆದದ್ದನ್ನು ತಿಳಿಸಿ, ಅವರು ಹೇಳಿದಂತೆ ಮಾಡುವದೆಂದು ನಿಶ್ಚಯಿಸಿದ್ದೇವೆ. ಹೇಳುವವನು ಮಗನು, ನಾನು ನೋಡಿ ಸುಮ್ಮನಿದ್ದೆನೆಂಬದನ್ನು ನಾನು ಹೇಳಬೇಕೆಂದು ಅವನ ಅವ್ವನ ಅಪ್ಪಣೆ. ಕಲ್ಲಿನೊಂದಿಗೆ ಇಡಲಿಕ್ಕೆ ಮಗನು ಒಂದು ಹಾಳೆಯ ಮೇಲೆ ಊರಿನ ಕೆರೆಯಿಂದ ಶಿಡ್ಲಫಡಿಯ ವರೆಗೆ ದಾರಿಯ ನಕಾಶೆಯನ್ನು ಬರೆದಿದ್ದಾನೆ. ಕಲ್ಲು ಸಿಕ್ಕಿದ ಸ್ಥಳಕ್ಕೆ ಚುಕ್ಕೆ ಇಡಬೇಕಾದಾಗ, ಅದು ಕಲ್ಲುಸೇತುವೆಯ ಈಚೆಯ ಗಿಡದ ಬುಡವೋ, ಆಚೆಯ ಇಳಿಜಾರೋ ಎಂದು ಅವನಿಗೆ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಅವನು ಬಹಳ ಹೊತ್ತು ಕೂತು, ಎರಡು ಕಡೆಯೂ ಚುಕ್ಕೆ ಇಟ್ಟಿದ್ದಾನೆ.