ಕಲ್ಪವೃಕ್ಷದ ಕೆಳಗೆ ಉಪವಾಸವುಂಟೆ?

ಭೋಗಭೂಮಿಯ ಹತ್ತು ಕಲ್ಪವೃಕ್ಷಗಳ ಹೆಸರನ್ನು ಮಕ್ಕಳು ಬಲುಬೇಗ ಬಾಯಿಪಾಠ ಮಾಡುತ್ತಾರೆ: ಪಾನಾಂಗ, ತೂರ್ಯಾಂಗ, ಭೂಷಣಾಂಗ, ವಸ್ತ್ರಾಂಗ, ಭೋಜನಾಂಗ, ಆಲಯಾಂಗ, ದೀಪಾಂಗ, ಭಾಜನಾಂಗ, ಮಾಲಾಂಗ, ತೇಜಾಂಗ. ಒಂದು ಪೇಯವನ್ನೀಯುವುದು, ಒಂದು ವಾದ್ಯವನ್ನು, ಇನ್ನೊಂದು ಇರಲು ಮನೆಯನ್ನೇ. ತೇಜಾಂಗದ ಪ್ರಭೆ ಕುಂದಿದಾಗಲೇ ಜನರಿಗೆ ಸೂರ್ಯಚಂದ್ರರು ಮೊದಲು ಕಂಡರೆಂದೂ, ಹೆದರಿದವರಿಗೆ ಪ್ರತಿಶ್ರುತಿ ಕುಲಕರನು ಅಭಯವಿತ್ತನೆಂದೂ ಪುರಾಣವು ಹೇಳುತ್ತದೆ.

ಈ ಪಾಠವಾಗುತ್ತಿರುವಾಗ ಒಬ್ಬ ಬಾಲಕಿ ಕೇಳಿದಳು: "ಗುರುಗಳೇ, ಉತ್ತಮ ಭೋಗಭೂಮಿಯವರು ಮೂರು ದಿನ ಬಿಟ್ಟು ಒಮ್ಮೆ ಬಾರಿಹಣ್ಣಿನಷ್ಟು ಉಣ್ತಾರಂತ. ನಮ್ಮ ಅಮ್ಮ ಅಷ್ಟಮಿಗೆ ಒಂದು ದಿನ ಬಿಡ್ತಾಳ. ಹಂಗಾದ್ರ ಅವರೇ ದೊಡ್ಡ ವ್ರತಿಗಳಲ್ಲೇನ್ರಿ?"

ಅಲ್ಲ. ಭೋಗಭೂಮಿಯಲ್ಲಿ ಸಮ್ಯಕ್ತ್ವ ದೊರೆಯಬಹುದು, ವ್ರತವಿಲ್ಲ. ಸೇವಿಸಲು ಯೋಗ್ಯವಾದುದನ್ನೂ ಸಂಕಲ್ಪಪೂರ್ವಕವಾಗಿ ತ್ಯಜಿಸುವುದೇ ವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ನಿರೂಪಿಸಿರುವರು. ಹಸಿವೇ ಇಲ್ಲದವನು ಉಣ್ಣದಿದ್ದರೆ ಅಲ್ಲಿ ತ್ಯಾಗವೆಲ್ಲಿಯದು?

ಆದರೆ ಇದೇ ನ್ಯಾಯವನ್ನು ಇನ್ನೊಂದು ಕಡೆಗೂ ಹಚ್ಚಬೇಕು. ಹಸಿವಿದ್ದು ಅನ್ನವಿಲ್ಲದವನು ಉಪವಾಸಿಯೆ? ಕಷಾಯ, ವಿಷಯ, ಆಹಾರ ಮೂರನ್ನೂ ಬಿಟ್ಟುದು ಉಪವಾಸ, ಉಳಿದುದು ಬರಿಯ ಲಂಘನವೆಂದು ನಾವು ಓದಿದ್ದೇವೆ. ಅವನದು ಲಂಘನವೇ ಸರಿ. ಆದರೆ ಅದನ್ನು ಅವನ ಮೇಲೆ ಹೊರಿಸಿದವರು ಯಾರು?

1972ರ ಬರಗಾಲ. ಸಗರನಾಡು ಆಗ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ನಮ್ಮ ಹಗೇವಿನಲ್ಲಿ ಹಿಂದಿನ ಸುಗ್ಗಿಯ ಜೋಳವಿತ್ತು. ಧಾರಣೆ ಇನ್ನೂ ಏರಲೆಂದು ತಂದೆಯವರು ಅದರ ಬಾಯಿ ತೆಗೆಸಿರಲಿಲ್ಲ. ಚತುರ್ದಶಿಯ ದಿನ, ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಅಂಗಳದಲ್ಲಿ ಕುಳಿತು, "ಅವ್ವಾರ, ಇವತ್ತ ನಿಮ್ದು ಉಪಾಸೇನ್ರಿ? ನಮ್ದು ದಿನಾ ಐತ್ರಿ" ಎಂದಳು. ಕೊಂಕಿನಿಂದ ಆಡಿದ ಮಾತಲ್ಲ. ತಾಯಿಯವರು ಉತ್ತರ ಕೊಡಲಿಲ್ಲ. ಸಂಜೆ ತಂದೆಯವರಿಗೆ, "ಹಗೇವಿನ ಬಾಯಿ ತೆಗೆಯೂತನಕ ನಾ ಪಾರಣೆ ಮಾಡೂದಿಲ್ರಿ" ಎಂದಷ್ಟೇ ಹೇಳಿದರು.

ಕಲ್ಪವೃಕ್ಷಗಳು ವಿರಳವಾಗಿ ಫಲ ಕಡಿಮೆಯಾದಾಗ ಜನರಲ್ಲಿ ಜಗಳ ಹುಟ್ಟಿತು. ಸೀಮಂಕರನು ಇಂತಿಷ್ಟು ಇಂಥವರದೆಂದು ಮೇರೆ ಹೇಳಿದನು, ಸೀಮಂಧರನು ಆ ಮೇರೆಗೆ ಗುರುತು ಹಾಕಿಸಿದನು. ಕೃಷಿ, ವಾಣಿಜ್ಯಗಳನ್ನು ಆದಿನಾಥರು ಕಲಿಸಿದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ. ನನ್ನದೆಂಬ ಗೆರೆಯು ನೇಗಿಲಿಗಿಂತ ಹಳೆಯದೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಆಲ, ಅರಳಿ, ಅತ್ತಿಯ ಹಣ್ಣುಗಳನ್ನು ಬಿಡುವುದು ಶ್ರಾವಕನಿಗೆ ಸುಲಭ, ನಮ್ಮ ಹಾದಿಬದಿಯಲ್ಲಿ ಅವಕ್ಕೆ ಆಸೆಪಡುವವರಾರು? ಗೆರೆಯೊಳಗಿನ ಜೋಳ ಬಿಡುವುದೇ ಕಷ್ಟ.

ತಾಯಿಯವರದು ಶುದ್ಧ ಉಪವಾಸವಾಗಿತ್ತೆ? ಪತಿಯ ಮನಸ್ಸನ್ನು ಬಗ್ಗಿಸಲು ಹಿಡಿದ ಹಟದಲ್ಲಿ ಕಷಾಯದ ಅಂಶವಿದ್ದೀತೆಂದು ಶಾಸ್ತ್ರ ಕಲಿತ ಮೇಲೆ ನನಗನ್ನಿಸಿತು. ಅವರೊಡನೆ ಒಮ್ಮೆ ವಾದಿಸಿದ್ದೂ ಉಂಟು. "ಇದ್ದೀತಪ್ಪ, ಅದಕ್ಕ ಪ್ರಾಯಶ್ಚಿತ್ತ ತಗೊಂಡೀನಿ" ಎಂದರು. ಆ ಹೆಣ್ಣುಮಗಳ ಹಸಿವಿಗೆ ನಮ್ಮ ಮನೆಯಲ್ಲಿ ಬೇರೆ ಯಾರು ಪ್ರಾಯಶ್ಚಿತ್ತ ತೆಗೆದುಕೊಂಡಿದ್ದರೆಂದು ಅವರು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ತಂದೆಯವರು ಮರುದಿನವೂ ಸುಮ್ಮನಿದ್ದರು. ಮೂರನೆಯ ದಿನ ಮುಂಜಾನೆ ಆಳುಗಳನ್ನು ಕರೆದು ಹಗೇವಿನ ಮೇಲಿನ ಮಣ್ಣನ್ನು ತಾವೇ ನಿಂತು ಸರಿಸಿದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು ಕಾಯಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಜೋಳ ಅಳೆಯಲು ಮೊದಲಾಯಿತು.